ಟಕ್ ಅಲ್ಲ, ಗುಡುಂ

ದೇವರು ನನಗೆ ಕೊಟ್ಟದ್ದು ಒಂದೇ ವಿದ್ಯೆ: ಇನ್ನೊಬ್ಬರ ಗಂಟಲು. ಬೈಂದೂರು ಬಸ್ಸಿನ ಕಂಡಕ್ಟರು ಮೂಗಿನಲ್ಲೇ ಊರುಗಳ ಹೆಸರು ಕೂಗುವುದು, ಹೈಸ್ಕೂಲಿನ ಲೆಕ್ಕದ ಮಾಸ್ಟ್ರು ಹೊಡೆಯುವ ಮೊದಲು ಎರಡು ಸಲ ಕೆಮ್ಮುವುದು, ಅಕ್ಕ ತನ್ನ ಅತ್ತೆಯೊಡನೆ ಫೋನಿನಲ್ಲಿ ಮಾತಾಡುವಾಗಿನ ಬೆಲ್ಲದ ದನಿ, ಫೋನಿಟ್ಟ ಮೇಲಿನ ಮೆಣಸಿನ ದನಿ, ಎಲ್ಲವೂ ನನಗೆ ಬರುತ್ತಿತ್ತು. ಪಿಯುಸಿಯಲ್ಲಿ ಎರಡು ಸಲ ಫೇಲಾದೆ. ಫೇಲಾದದ್ದನ್ನು ತಿಳಿಸಿದ ಪ್ರಿನ್ಸಿಪಾಲರ ಸ್ವರದಲ್ಲಿ ಮಾತ್ರ ಒಂದೇ ಸಲಕ್ಕೆ ಪಾಸಾದೆ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನನಗೆ ಇಪ್ಪತ್ತೆರಡು. ಬೈಂದೂರಿನ ಕಡಲ ಬದಿಯಲ್ಲಿ ಅಕ್ಕನ ಗಂಡನ ಮನೆಯಲ್ಲಿ ಉಂಡುಕೊಂಡು ಇದ್ದೆ. ಭಾವನದು ಮೀನಿನ ವ್ಯಾಪಾರ. ದಡದಲ್ಲೇ ನಿಂತು ಬಲೆ ಎಳೆಯುವವರಿಂದ ಮೀನು ಕೊಂಡು ವಂಡ್ಸೆ ಕಡೆಯ ಅಂಗಡಿಗಳಿಗೆ ಮುಟ್ಟಿಸುವುದು. ಬುಟ್ಟಿಗಳನ್ನು ಮರಳಿನ ಮೇಲೆ ರಸ್ತೆಯವರೆಗೆ ಹೊತ್ತು ತರುವುದೇ ದೊಡ್ಡ ಕಷ್ಟ. ಅದಕ್ಕಾಗಿ ಭಾವ ಒಂದು ಹಳೆಯ ಜೀಪು ತೆಗೆದುಕೊಂಡ. ನಾಲ್ಕೂ ಚಕ್ರ ಎಳೆಯುವ ಜೀಪು. ನನ್ನ ಬಳಿ ಲೈಸೆನ್ಸು ಇತ್ತು, ಬೇರೇನೂ ಇರಲಿಲ್ಲ. ಹಾಗಾಗಿ ಡ್ರೈವರ್ ನಾನಾದೆ. ಸ್ಟೇರಿಂಗು ಹಿಡಿದ ಮೊದಲ ದಿನ ದಡದಲ್ಲಿ ಬಲೆ ಎಳೆಯುತ್ತಿದ್ದವರು ಸಹ ನನ್ನನ್ನು ತಿರುಗಿ ನೋಡಿದರು ಎಂದು ಅಂದುಕೊಂಡೆ. ಅವರು ನೋಡಿದ್ದು, ನಾನು ಹಾರ್ನಿನ ಬದಲು ಬಾಯಲ್ಲೇ ಬಸ್ಸಿನ ಹಾರ್ನು ಬಾರಿಸುತ್ತಿದ್ದೆನಲ್ಲ, ಅದಕ್ಕೆ.

ಜೀಪನ್ನು ಕೊಳ್ಳುವ ಮುಂಚೆ ಪರೀಕ್ಷೆ ಮಾಡಿದವರು ಕೋಟದ ಒಬ್ಬ ಮೆಕ್ಯಾನಿಕ್. ಅರವತ್ತರ ಆಸುಪಾಸು, ಜೀಪೆಂದರೆ ಅವರೇ ಎಂಬ ಹೆಸರು. ನಾವೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಗೇರ್ ರಾಡಿನ ಪಕ್ಕದಲ್ಲಿದ್ದ ಇನ್ನೊಂದು ಗಿಡ್ಡ ರಾಡನ್ನು ತೋರಿಸಿ ಅವರು ನನಗೆ ಹೊಯ್ಗೆಯ, ಎಂದರೆ ಮರಳಿನ, ಪಾಠ ಹೇಳಿದ್ದರು:

“ಹೊಯ್ಗೆಗ್ ಇಳ್ದ್ರೆ ಇದನ್ನ್ ಹಾಕ್, ನಾಕೂ ಚಕ್ರ ಎಳೀತ್. ಟಾರಿಗ್ ಹತ್ತಿದ್ ಕೂಡ್ಲೆ ತೆಗಿ. ನೀನ್ ಮರ್ತ್ರೂ ಗಾಡಿ ಮರೀತಿಲ್ಲ, ಕಾಣ್.”

ಆ ಮಾತು ನನಗೆ ಬಹಳ ಹಿಡಿಸಿತು. ಪಾಲಿಸಲಿಕ್ಕೆ ಅಲ್ಲ, ಅನುಕರಿಸಲಿಕ್ಕೆ. ಮೇಸ್ತ್ರಿಯ ಸ್ವರ ಕಬ್ಬಿಣದ ಡಬ್ಬಿಯೊಳಗಿಂದ ಬಂದ ಹಾಗೆ. ಅದರ ಮೇಲೆ ಅವರಿಗೊಂದು ಚಾಳಿ: ಏನು ಹೇಳಿದರೂ ತಲೆಯನ್ನು ಎಡಕ್ಕೆ ಓರೆ ಮಾಡಿ “ಹಾಂ? ಎಂತ? ಬಾಯ್ ಬಿಟ್ಟ್ ಹೇಳ್” ಎನ್ನುವುದು. ಗತ್ತಿನ ಮನುಷ್ಯ, ನಮ್ಮಂಥವರನ್ನು ಎರಡೆರಡು ಸಲ ಹೇಳಿಸಿಯೇ ಉತ್ತರ ಕೊಡುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಆ “ಹಾಂ?” ಅನ್ನು ಎರಡು ದಿನದಲ್ಲಿ ಕಲಿತು ಬಿಟ್ಟೆ. ಮದುವೆ ಮನೆಯಲ್ಲಿ, ಮೀನು ಇಳಿಸುವಲ್ಲಿ, ಊಟದ ಪಂಕ್ತಿಯಲ್ಲಿ, ಎಲ್ಲಿ ಮಾಡಿದರೂ ಜನ ಹೊಟ್ಟೆ ಹಿಡಿದು ನಗುತ್ತಿದ್ದರು.

ಸದ್ದು ಶುರುವಾದದ್ದು ಜೀಪು ಬಂದ ಎರಡನೆಯ ವಾರ. ವಂಡ್ಸೆ ದಾರಿಯ ತಿರುವುಗಳಲ್ಲಿ ಸ್ಟೇರಿಂಗು ತಿರುಗಿಸಿದರೆ ಕಾಲ ಬುಡದಿಂದ ‘ಟಕ್’. ಗೇರು ಬದಲಿಸಿ ಎಕ್ಸಿಲರೇಟರ್ ಒತ್ತಿದರೆ ಇನ್ನೊಂದು ‘ಟಕ್’. ಮೇಲಿಂದ ಸ್ಟೇರಿಂಗು ರುಬ್ಬುವ ಕಲ್ಲಿನಷ್ಟು ಭಾರ. ಮೊದಲ ಕೆಲವು ದಿನ ನಾನದನ್ನು ದೋಷ ಎಂದೇ ತಿಳಿಯಲಿಲ್ಲ. ತೋಳು ಬಲಿಯುತ್ತದೆ ಎಂದು ಖುಷಿಪಟ್ಟೆ. ಅಂಗಿಯ ತೋಳನ್ನು ಎರಡು ಮಡಿಕೆ ಮೇಲೆ ಮಡಚಿ ಓಡಿಸುತ್ತಿದ್ದೆ.

ಸದ್ದು ಮಾತ್ರ ದಿನದಿನಕ್ಕೆ ಜೋರಾಯಿತು. ಅಕ್ಕ ಹಿಂದಿನ ಸೀಟಿನಡಿ ಯಾವುದೋ ಪಾತ್ರೆ ಉರುಳುತ್ತಿದೆ ಎಂದು ಹುಡುಕಿದಳು. ಭಾವ ಚಕ್ರಗಳಿಗೆ ಒಂದೊಂದಾಗಿ ಒದ್ದು ನೋಡಿದ. ಕೊನೆಗೊಂದು ಸೋಮವಾರ ಬೆಳಿಗ್ಗೆ ದೋಸೆ ತಿನ್ನುತ್ತಿದ್ದವ ತಟ್ಟೆ ಸರಿಸಿ ಹೇಳಿದ:

“ಹ್ವಾಯ್ ಡ್ರೈವರ್ರೆ, ಈ ಸದ್ದ್ ಎಲ್ಲಿಂದ ಬತ್ತ್ ಅಂದ್ ಶನಿವಾರದೊಳ್ಗೆ ಹೇಳ್ಕ್. ಆಯ್ಲಿಲ್ಲ ಅಂದ್ರೆ ಆಯ್ತಾರ ಕೊಲ್ಲೂರ್ ಬದಿಯವ್ರ್ ಒಬ್ರ್ ಬತ್ರ್, ಜೀಪ್ ಕೊಡ್ತೆ. ನಿಂಗೆ ಬಾಂಬೆ ಬಸ್ಸಿನ್ ಟಿಕೆಟ್ ಮಾಡ್ತೆ. ಅಣ್ಣನ್ ಕ್ಯಾಂಟೀನಲ್ಲಿ ಟೇಬಲ್ ಒರ್ಸ್.”

“ಟೇಬಲ್ ಒರ್ಸೂಕೆ ಬಾಂಬೆಗೆ ಎಂತಕ್ ಹೋಯ್ಕ್ ಭಾವ? ಇಲ್ಲೇ ಒರ್ಸ್ತೆ,” ಎಂದು ನಾನು ಟವೆಲ್ಲು ತೆಗೆದುಕೊಂಡೆ. ಯಾರೂ ನಗಲಿಲ್ಲ. ನನ್ನ ಮಾತಿಗೆ ನಗು ಬಾರದಿದ್ದರೆ ವಿಷಯ ಗಂಭೀರ ಎಂದೇ ಅರ್ಥ. ಭಾವನ ಅಣ್ಣನ ಕ್ಯಾಂಟೀನಿಗೆ ಮುಂಚೆ ಹೋದ ನನ್ನ ವಾರಗೆಯವನೊಬ್ಬ ರಜೆಗೆ ಬಂದಾಗ ಕೈ ತೋರಿಸಿದ್ದ. ಸೋಡಾ ಪುಡಿಗೆ ಬೆರಳ ತುದಿಯ ಚರ್ಮವೆಲ್ಲ ಎದ್ದಿತ್ತು. ನನಗೆ ಸ್ಟೇರಿಂಗು ಬೇಕಿತ್ತು. ಜೀವನದಲ್ಲಿ ಮೊದಲ ಬಾರಿಗೆ ನನ್ನನ್ನು ಯಾರೋ ಒಂದು ಕೆಲಸದ ಹೆಸರಿನಿಂದ ಕರೆಯುತ್ತಿದ್ದರು, ಕುಹಕದಿಂದಲೇ ಆದರೂ.

ಮಂಗಳವಾರ ಕೋಟಕ್ಕೆ ಹೋದೆ. ದಾರಿಯುದ್ದಕ್ಕೂ ಬಾಯಿ ಬಡಿದುಕೊಂಡು ಬಂದ ಜೀಪು ಮೇಸ್ತ್ರಿಯ ಗ್ಯಾರೇಜಿನ ಮಣ್ಣಿನ ಅಂಗಳಕ್ಕೆ ಇಳಿದದ್ದೇ ತಡ, ಹೊಸ ಸೊಸೆಯಂತೆ ಮೌನವಾಯಿತು. ಹಿಂದೆ ಮುಂದೆ ಓಡಿಸಿದೆ, ತಿರುಗಿಸಿದೆ. ಸದ್ದೇ ಇಲ್ಲ. ಆಗ ಮೇಸ್ತ್ರಿ ನನ್ನ ಎದುರು ಬಂದು ನಿಂತರು.

“ಫೋರ್ ವ್ಹೀಲ್ ತೆಗ್ದಿದ್ಯಾ?”

ಅದಕ್ಕೆ ನಾನು ಉತ್ತರ ಕೊಟ್ಟದ್ದು ಅವರದೇ ಸ್ವರದಲ್ಲಿ: “ಹೊಯ್ಗೆಗ್ ಇಳ್ದ್ರೆ ಹಾಕ್, ಟಾರಿಗ್ ಹತ್ತಿದ್ ಕೂಡ್ಲೆ ತೆಗಿ. ಅಷ್ಟೂ ಗೊತ್ತಿಲ್ದವ್ನಾ ನಾನ್?” ಚಹಾ ಕುಡಿಯುತ್ತ ಕುಳಿತಿದ್ದ ನಾಲ್ಕು ಡ್ರೈವರುಗಳು ಗೊಳ್ಳೆಂದರು. ಮೇಸ್ತ್ರಿ ನಾನು ತಲೆ ಆಡಿಸಿದ್ದನ್ನು ಮಾತ್ರ ನೋಡಿ ಮುಂದಿನ ಪ್ರಶ್ನೆಗೆ ಹೋದರು.

“ಸದ್ದ್ ಹ್ಯಾಂಗ್ ಬತ್ತ್? ಮಾಡಿ ತೋರ್ಸ್.”

ಮೇಸ್ತ್ರಿಯ ಬಳಿ ಸದ್ದುಗಳದ್ದೇ ಒಂದು ಲೆಕ್ಕಾಚಾರ ಇತ್ತು. ‘ಟಕ್’ ಅಂದರೆ ಇಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಉದ್ದ ಶಾಫ್ಟಿನ ತುದಿಯ ಜಾಯಿಂಟ್ ಕ್ರಾಸು ಸವೆದಿದೆ. ‘ಕುಟ್’ ಅಂದರೆ ಗಾಡಿಯ ಭಾರ ಹೊರುವ ಪಾಟಾ ಸ್ಪ್ರಿಂಗಿನ ಬುಷ್ ಹೋಗಿದೆ. ‘ಗುಡುಂ’ ಅಂದರೆ ಹಿಂದಿನ ಚಕ್ರಗಳ ನಡುವಿನ ಹೌಸಿಂಗಿನೊಳಗೆ ಹಲ್ಲಿಗೆ ಹಲ್ಲು ಕೂರುತ್ತಿಲ್ಲ, ಬಿಚ್ಚಲೇಬೇಕು. ಹೀಗೆ ಮೂರು ಅಕ್ಷರ ಕೇಳಿ ಮದ್ದು ಹೇಳುವವರು ಅವರು.

ನನ್ನ ಜೀಪಿನದು ಟಕ್. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎದುರಿಗೆ ನಾಲ್ಕು ಜನ ಚಹಾ ಹಿಡಿದು ಬಾಯಿ ತೆರೆದು ಕೂತಿದ್ದಾರೆ. ‘ಟಕ್’ ಎಂದರೆ ಯಾರು ನಗುತ್ತಾರೆ? ಹಲ್ಲಿ ಸಹ ಮಾಡುವ ಸದ್ದು ಅದು. ನಾನು ಕೆನ್ನೆ ಉಬ್ಬಿಸಿ, ಕಣ್ಣು ಹೊರಗೆ ತಂದು, ಮಂಡಿ ಬಗ್ಗಿಸಿ ಇಡೀ ಮೈಯನ್ನು ಒಮ್ಮೆ ಎತ್ತಿ ಹಾಕಿದೆ:

“ಗುಡುಡುಂ!”

ಒಬ್ಬರ ಚಹಾ ಮೂಗಿಗೆ ಹತ್ತಿತು. ಮೇಸ್ತ್ರಿ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದರು. “ಗುಡುಂ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಸ್ಪಾನರು ಎತ್ತಿಕೊಂಡರು. ಆಗಲಾದರೂ “ಅಲ್ಲ, ತಮಾಷೆಗೆ ಮಾಡಿದೆ” ಎನ್ನಬಹುದಿತ್ತು. ಆದರೆ ಅಷ್ಟು ಚೆಂದದ ಚಪ್ಪಾಳೆ ಬಿದ್ದ ಮೇಲೆ ವೇಷ ಕಳಚುವುದು ಹೇಗೆ? ಮಧ್ಯಾಹ್ನದವರೆಗೆ ಅವರು ಆ ಹೌಸಿಂಗನ್ನು ಬಿಚ್ಚಿ, ಹಲ್ಲುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ, ತೊಳೆದು, ಹೊಸ ಆಯಿಲು ಹಾಕಿ ಮುಚ್ಚಿದರು. ಒಳಗೆ ಯಾವ ದೋಷವೂ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತ, ತಮ್ಮ ಮೇಲೇ ಸಿಟ್ಟು ಬಂದವರಂತೆ ಅಂದರು: “ಗುಡುಂ ಅಂದ್ರೆ ಇದೇ ಆಯ್ಕಿತ್ತಲೆ ಮಾರಾಯ.”

ಹೆದ್ದಾರಿಗೆ ಹತ್ತಿ ಮೊದಲ ತಿರುವಿಗೇ ಜೀಪು ‘ಟಕ್’ ಎಂದಿತು. ನನ್ನನ್ನು ನೋಡಿ ನಾಲಗೆ ಲೊಟಕರಿಸಿದ ಹಾಗೆ ಕೇಳಿಸಿತು.

ಗುರುವಾರ ವಂಡ್ಸೆಯಲ್ಲಿ ಬಂಗ್ಡೆ ಇಳಿಸಿ, ಅಂಗಡಿಯೊಂದರ ಎದುರಿದ್ದ ಕಾಯಿನ್ ಫೋನಿನಿಂದ ಕೋಟಕ್ಕೆ ಫೋನು ಮಾಡಿದೆ. ಉಳಿದದ್ದು ಎರಡೇ ದಿನ. ಎತ್ತಿದ್ದು ಮೇಸ್ತ್ರಿಯ ಹೆಂಡತಿ. ಗ್ಯಾರೇಜಿನ ಹಿಂದೆಯೇ ಅವರ ಮನೆ. ಫೋನು ಯಾವಾಗಲೂ ಅವರೇ ಎತ್ತುತ್ತಿದ್ದರು.

“ಅಮ್ಮ, ನಾನ್, ಬೈಂದೂರ್ ಜೀಪಿನವ. ಸದ್ದ್ ಹೋಯ್ಲಿಲ್ಲ. ಮೇಸ್ತ್ರಿಯವ್ರಿಗೆ ಕೊಡಿ, ಮಾಡಿ ತೋರಿಸ್ತೆ.”

“ನಂಗೇ ಮಾಡ್. ನಾನ್ ಅವ್ರಿಗೆ ಹೇಳ್ತೆ.”

ಅಂಗಡಿಯೆದುರು ಐದಾರು ಜನ ಇದ್ದರು. ಹಾಗಾಗಿ ಎರಡು ದಿನದ ಹಿಂದಿನ ಪಾಠ ನೆನಪಾಗಲೇ ಇಲ್ಲ. ಫೋನಿನೊಳಗೆ “ಗುಡುಡುಂ!” ಎಂದೆ. ಅತ್ತ ಅವರು ಗ್ಯಾರೇಜಿನ ಕಡೆ ತಿರುಗಿ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಹ್ವಾಯ್! ಗುಡುಂ ಅಂತ್ ಅಂಬ್ರ್!”

“ಹಾಂ?”

“ಗುಡುಂ! ಗುಡುಂ!”

“ಎಂತ? ಕೊಡವಾ? ಯಾವ್ ಕೊಡ? ನೀರ್ ತುಂಬ್ಕಾ?”

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ನಾನು ಕಷ್ಟಪಟ್ಟು ಕಲಿತ “ಹಾಂ?” ಫೋನಿನಲ್ಲಿ ಉಚಿತವಾಗಿ ಬರುತ್ತಿದೆ! ಅಭ್ಯಾಸದಂತೆ ನಾನೂ ಇತ್ತಲಿಂದ “ಹಾಂ? ಎಂತ? ಬಾಯ್ ಬಿಟ್ಟ್ ಹೇಳ್” ಎಂದುಬಿಟ್ಟೆ. ಅಂಗಡಿಯೆದುರಿನವರು ನಕ್ಕರು. ಆಮೇಲೆ ಅಮ್ಮ ದನಿ ತಗ್ಗಿಸಿ ಹೇಳಿದರು:

“ಕಾಣ್ ಮಗಾ, ನಾಕ್ ಜನ್ರ ಎದ್ರ್ ಹೇಳ್ಬೇಡ. ಅವ್ರಿಗೆ ಕೆಮಿ ಸಮ ಕೇಂತಿಲ್ಲ. ಎರಡ್ ವರ್ಷ ಆಯ್ತ್. ಗಾಡಿ ಸದ್ದ್ ಅಂತೂ ಎಂತದೂ ಇಲ್ಲ. ನಿನ್ನ್ ಮೋರೆ ಕಂಡ್ ಸದ್ದ್ ತಿಳ್ಕಂತ್ರ್. ನೀನ್ ಸಮ ಮಾಡಿ ತೋರ್ಸ್ತೆ ಅಂದೇ ಅವ್ರ್ ನಂಬಿದ್ದ್. ಉಳ್ದವ್ರಿಗೆ ಮಾಡೂಕ್ ಬತ್ತಿಲ್ಲೆ ಅಂಬ್ರ್.”

ಎದುರಿನವರು ಇನ್ನೊಂದು ಗುಡುಂಗೆ ಕಾಯುತ್ತಿದ್ದರು. ಫೋನಿಟ್ಟೆ. ಜೀಪಿಗೆ ಹತ್ತಿ ಬಾಗಿಲು ಹಾಕಿಕೊಂಡು ಕೂತೆ. ಯಾರ ಸ್ವರವೂ ಬಾಯಿಗೆ ಬರಲಿಲ್ಲ. ನಾನು ಊರಿಡೀ ಹಂಚಿಕೊಂಡು ಬಂದದ್ದು ಒಬ್ಬರ ಗತ್ತನ್ನಲ್ಲ, ಕಿವುಡನ್ನು. ಒಬ್ಬ ಮನುಷ್ಯ ನನ್ನ ಮುಖವನ್ನೇ ಕಿವಿ ಮಾಡಿಕೊಂಡಿದ್ದ. ನಾನು ಆ ಕಿವಿಗೆ ಉಬ್ಬಿಸಿದ ಕೆನ್ನೆ ತೋರಿಸಿ ಇಡೀ ಹೌಸಿಂಗು ಬಿಚ್ಚಿಸಿದ್ದೆ.

ಶನಿವಾರ ಬೆಳಿಗ್ಗೆ ಗ್ಯಾರೇಜಿಗೆ ಬೇರೆಯವರು ಬರುವ ಮೊದಲೇ ಕೋಟ ಮುಟ್ಟಿದೆ. ಮೇಸ್ತ್ರಿಯ ಎದುರು ನೇರ ನಿಂತು, ಕೆನ್ನೆ ಉಬ್ಬಿಸದೆ, ಕಣ್ಣು ಹೊರಳಿಸದೆ, ನಾಲಗೆಯನ್ನು ಅಂಗುಳಿಗೆ ಒಂದು ಸಲ ತಾಗಿಸಿ ತೋರಿಸಿದೆ. ಟಕ್. ಅಷ್ಟು ಸಪ್ಪೆ ಅನುಕರಣೆಯನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

“ಟಕ್ಕಾ?” ಎಂದರು.

“ಟಕ್. ಮೊನ್ನೆ ಮಾಡಿದ್ದ್ ಸುಳ್ಳ್,” ಎಂದೆ, ತುಟಿ ಬಿಡಿಸಿ ನಿಧಾನವಾಗಿ. “ನೀವೂ ಹತ್ತಿ. ಸದ್ದ್ ಬಂದಾಗೆಲ್ಲ ನಿಮ್ಮ್ ಮಂಡಿ ಮೇಲ್ ಕುಟ್ಟ್ತೆ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಹೆಂಡತಿ ಹೇಳಿದ್ದಾರೆ ಎಂದು ಅವರಿಗೆ ಗೊತ್ತಾಯಿತು. ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ಪಕ್ಕದ ಸೀಟಿಗೆ ಹತ್ತಿ ಕುಳಿತರು. ಎರಡು ವರ್ಷದಿಂದ ಅವರು ಯಾರ ಗಾಡಿಯಲ್ಲೂ ರೋಡ್ ಟ್ರಯಲ್ಲಿಗೆ ಹೋಗಿರಲಿಲ್ಲವಂತೆ.

ಟಾರು ರಸ್ತೆಯಲ್ಲಿ ಎಡಕ್ಕೆ ತಿರುಗಿಸಿದೆ, ಟಕ್, ಅವರ ಮಂಡಿಗೆ ಒಂದು ಕುಟ್ಟು. ಬಲಕ್ಕೆ, ಇನ್ನೊಂದು. ಅವರು ಅಂಗೈಯನ್ನು ಕಾಲ ಬುಡದ ತಗಡಿಗೆ ಊರಿ ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಶಾಲೆಯ ಮೈದಾನಕ್ಕೆ ಇಳಿಸಲು ಕೈ ತೋರಿದರು. ಮಣ್ಣಿನಲ್ಲಿ ಮೂರು ಸುತ್ತು ಹೊಡೆಸಿದರು. ಸದ್ದಿಲ್ಲ, ಕುಟ್ಟಿಲ್ಲ. ಮತ್ತೆ ಟಾರಿಗೆ ಹತ್ತಿಸಿದರು. ಟಕ್, ಕುಟ್ಟು.

“ಮಣ್ಣಲ್ಲಿ ಇಲ್ಲ, ಟಾರಲ್ಲಿ ಇತ್ತ್,” ಎಂದು ನಿಲ್ಲಿಸಲು ಹೇಳಿದರು. ನಿಧಾನವಾಗಿ ತಿರುಗಿ ಗೇರ್ ರಾಡಿನ ಪಕ್ಕದ ಗಿಡ್ಡ ರಾಡನ್ನು ನೋಡಿದರು. ಅದರ ತುದಿ ಕಾಣುತ್ತಿರಲಿಲ್ಲ. ಅಲ್ಲಿ ಹಳದಿ ಬಟ್ಟೆಯ ಒಂದು ಸಣ್ಣ ಗಂಟು ಇತ್ತು.

“ಇದೆಂತ?”

“ಆನೆಗುಡ್ಡೆ ಪ್ರಸಾದ.”

ಹೇಳುತ್ತಿದ್ದ ಹಾಗೆಯೇ ನನಗೆ ಆ ದಿನ ಪೂರ್ತಿ ನೆನಪಾಯಿತು. ಜೀಪು ತಂದ ಹೊಸತರಲ್ಲಿ ಪೂಜೆಗೆಂದು ಕುಂಭಾಶಿಯ ಆನೆಗುಡ್ಡೆ ದೇವಸ್ಥಾನಕ್ಕೆ ಹೋಗಿದ್ದೆವು. ಬೆಳಿಗ್ಗೆ ಮರಳಿನಿಂದ ಮೀನು ಎತ್ತಿ, ತಡವಾಯಿತೆಂದು ಗಡಿಬಿಡಿಯಲ್ಲಿ ಮನೆಗೆ ಬಂದು, ಮಿಂದು, ರಾಡು ತೆಗೆಯದೆ ಹಾಗೇ ಹೊರಟಿದ್ದು. ಪೂಜೆ ಮುಗಿದ ಮೇಲೆ ಅಕ್ಕ ಪ್ರಸಾದವನ್ನು ಬಟ್ಟೆಯಲ್ಲಿ ಸುತ್ತಿ, ಎಲ್ಲಿ ಕಟ್ಟುವುದೆಂದು ಹುಡುಕಿ, ಆ ಗಿಡ್ಡ ರಾಡಿಗೆ ಬಿಗಿದಿದ್ದಳು. “ಇದ್ ಸುಮ್ನೆ ಇಪ್ಪುದಲ್ದಾ? ಇಲ್ಲೇ ಇರ್ಲಿ. ಮೀನ್ ಕೈಯಲ್ಲಿ ಮುಟ್ಬೇಡ, ಮತ್ತೆ!” ನಾನೂ ಮುಟ್ಟಿರಲಿಲ್ಲ. ಎಂದೂ ಮುಟ್ಟಿರಲಿಲ್ಲ. ನನ್ನ ಕೈಯಲ್ಲಿ ಮೀನಿನ ವಾಸನೆ ಇಲ್ಲದ ದಿನ ಯಾವುದಿತ್ತು? ರಾಡು ನಾಲ್ಕು ಚಕ್ರದಲ್ಲೇ ಕೂತಿದ್ದರಿಂದ ಮರಳಿಗೆ ಇಳಿದಾಗ ಜೀಪು ಎಳೆಯುತ್ತಲೂ ಇತ್ತು. ಹಾಕಬೇಕಾದ ಪ್ರಸಂಗವೇ ಬರಲಿಲ್ಲ. ಮೂರು ವಾರ, ಬೈಂದೂರಿನಿಂದ ವಂಡ್ಸೆ, ಬೈಂದೂರಿನಿಂದ ಕೋಟ, ಒಣ ಟಾರಿನ ಮೇಲೆ ನಾಲ್ಕೂ ಚಕ್ರ ಹಠ ಹಿಡಿದು ಎಳೆದಿದ್ದವು. ತಿರುವಿನಲ್ಲಿ ಮುಂದಿನವು ಒಂದು ದೂರ, ಹಿಂದಿನವು ಒಂದು ದೂರ ಓಡಬೇಕು. ಮಣ್ಣಿನಲ್ಲಾದರೆ ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತವೆ, ಟಾರಿನಲ್ಲಿ ಜಾರಲು ಜಾಗವಿಲ್ಲ. ಆ ಬಿಗಿತ ಒಮ್ಮೆಲೆ ಬಿಡುವಾಗ ಟಕ್. ಬಲಿತದ್ದು ನನ್ನ ತೋಳಲ್ಲ, ಗಾಡಿಯ ಬಿಗಿತ.

ಮೇಸ್ತ್ರಿ ಮೊದಲು ಗಂಟಿಗೆ ಕೈ ಮುಗಿದರು. ಪ್ಯಾಂಟಿಗೆ ಕೈ ಒರೆಸಿ ಅದನ್ನು ಬಿಚ್ಚಿ ಎದುರಿನ ಗಾಜಿನ ಬುಡದಲ್ಲಿಟ್ಟರು. ರಾಡು ಎಳೆದರು, ಬರಲಿಲ್ಲ, ಅಷ್ಟು ಬಿಗಿದಿತ್ತು. “ಒಂಚೂರ್ ಹಿಂದ್ ಹೋಗ್,” ಎಂದರು. ರಿವರ್ಸಿನಲ್ಲಿ ನಾಲ್ಕು ಅಡಿ ಹೋದೆ. ರಾಡು ಸಡಿಲವಾಗಿ ಬಂದು ಕೂತಿತು. ಸ್ಟೇರಿಂಗು ತಿರುಗಿಸಿದರೆ ಒಂದೇ ಬೆರಳಿಗೆ ತಿರುಗಿತು. ತಿರುವಿನ ಸದ್ದು ಮಾಯ.

ಗೇರು ಬದಲಿಸುವಾಗಿನ ಸಣ್ಣ ಟಕ್ ಮಾತ್ರ ಉಳಿದಿತ್ತು. ಗ್ಯಾರೇಜಿಗೆ ಬಂದು, ಚಕ್ರಕ್ಕೆ ಕಲ್ಲು ಕೊಟ್ಟು, ಅವರು ಅಡಿಗೆ ನುಸುಳಿದರು. ನನ್ನನ್ನೂ ಕರೆದರು. ಹಿಂದಿನ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚಿ, ನನ್ನ ಕೈಯನ್ನು ಜಾಯಿಂಟಿನ ಮೇಲೆ ಇಟ್ಟರು. ಬೆರಳಿನಡಿ ಕೂದಲೆಳೆಯಷ್ಟು ಆಟ ಸಿಕ್ಕಿತು. “ಕೈಯಲ್ಲಿ ಕೇಳ್,” ಎಂದರು. “ಇದ್ ನೀನ್ ಮಾಡಿದ್ದ್. ಮೂರ್ ವಾರ ಜಗ್ಗಿ ಜಗ್ಗಿ ಕ್ರಾಸ್ ತಿಂದ್ ಹಾಕಿತ್ತ್.”

ಹಳೆಯ ಕ್ರಾಸನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋಗಿ ಅದೇ ಅಳತೆಯ ಹೊಸತು ತಂದೆ. ಕಂಡಕ್ಟರನ ಸ್ವರ ಬಹಳ ಒಳ್ಳೆಯದಿತ್ತು, ಕಲಿಯಬಹುದಿತ್ತು. ಕಲಿಯಲಿಲ್ಲ.

ಹೊಸ ಕ್ರಾಸು ಕೂರಿಸಿ ಹೊರಬಂದ ಮೇಲೆ ಮೇಸ್ತ್ರಿ ಕೈ ತೊಳೆಯುತ್ತ ಕೇಳಿದರು:

“ನೀನ್ ನನ್ನ್ ಸ್ವರ ಊರೆಲ್ಲ ಮಾಡಿ ತೋರಿಸ್ತೆ ಅಂಬ್ರ್. ಹೌದಾ? ಒಂದ್ಸಲ ಮಾಡ್, ಕಾಂಬ.”

ನೆಲ ಬಿರಿಯಬಾರದೇ ಅನ್ನಿಸಿತು. ಬೇಡವೆಂದು ತಲೆಯಾಡಿಸಿದರೂ ಬಿಡಲಿಲ್ಲ. ಕೊನೆಗೆ ತಲೆಯನ್ನು ಎಡಕ್ಕೆ ಓರೆ ಮಾಡಿ “ಹಾಂ? ಎಂತ? ಬಾಯ್ ಬಿಟ್ಟ್ ಹೇಳ್” ಎಂದೆ. ಅವರು ಪರೀಕ್ಷೆಯ ಪೇಪರು ತಿದ್ದುವವರಂತೆ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕರು.

“ಸ್ವರ ಕೇಂತಿಲ್ಲ. ಮೋರೆ ಸಮ ಇತ್ತ್.”

ಮನೆಗೆ ಬಂದಾಗ ಸಂಜೆ ನಾಲ್ಕು. ಭಾವ ಅಂಗಳದಲ್ಲೇ ಕಾಯುತ್ತಿದ್ದ. ಜಾಯಿಂಟ್ ಕ್ರಾಸು ಹೋಗಿತ್ತು, ಹಾಕಿಸಿದೆ ಎಂದು ಹೇಳಿದರೆ ಮುಗಿಯುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಆದರೆ ರಾಡಿನ ಸಂಗತಿ ಅಕ್ಕನಿಗೆ ಹೇಳಲೇಬೇಕಿತ್ತು, ಇಲ್ಲವಾದರೆ ನಾಳೆ ಮತ್ತೆ ಅಲ್ಲೇ ಕಟ್ಟುತ್ತಾಳೆ. ಎಲ್ಲವನ್ನೂ ಹೇಳಿದೆ. ರಾಡು, ಪ್ರಸಾದ, ಮೀನಿನ ಕೈ, ಗುಡುಂ, ಸುಮ್ಮನೆ ಬಿಚ್ಚಿದ ಹೌಸಿಂಗು, ಎಲ್ಲ. ಮೇಸ್ತ್ರಿಯ ಕಿವಿಯ ವಿಷಯ ಮಾತ್ರ ಬಿಟ್ಟೆ. ತಪ್ಪು ನನ್ನದು ಎಂದೆ.

ಭಾವ ಕಣ್ಣು ಸಣ್ಣ ಮಾಡಿದ. “ಇದ್ ಯಾರ್ದ್ ಸ್ವರ ಮಾಡೂದ್ ನೀನ್?”

“ಯಾರ್ದೂ ಅಲ್ಲ ಭಾವ. ನಂದೇ.”

“ನಿಂದಾ?” ಎಂದ ಭಾವ. ಅಕ್ಕನ ಕಡೆ ತಿರುಗಿ, “ಹೌದನೇ?” ಅಕ್ಕ ಸ್ವಲ್ಪ ಯೋಚಿಸಿ, ಸಣ್ಣವನಿದ್ದಾಗ ಹೀಗೇ ಇತ್ತು ಎಂದಳು. ಅವಳ ಕಣ್ಣು ಮಾತ್ರ ಗಾಜಿನ ಬುಡದಲ್ಲಿದ್ದ ಹಳದಿ ಗಂಟಿನ ಮೇಲೆಯೇ ಇತ್ತು. ಗಂಟನ್ನು ಅಲ್ಲಿಂದ ತೆಗೆದು ಕನ್ನಡಿಗೆ ಕಟ್ಟಿದಳು; ಯಾರಿಗೂ ಬೈಯಲಿಲ್ಲ.

ಭಾವ ಜೀಪಿಗೆ ಹತ್ತಿ ನನ್ನ ಪಕ್ಕ ಕೂತ. “ನಡಿ, ಕಾಂಬ. ಒಂದ್ ಸದ್ದ್ ಬಂದ್ರೂ ನಾಳೆ ಕೊಲ್ಲೂರಿನವ್ರಿಗೆ ಜೀಪ್, ನಿಂಗೆ ಬಾಂಬೆ.” ವಂಡ್ಸೆ ದಾರಿಗೇ ಕರೆದುಕೊಂಡು ಹೋದ. ಮೊದಲ ತಿರುವು, ಸದ್ದಿಲ್ಲ. ಎರಡನೆಯದು, ಮೂರನೆಯದು, ಇಲ್ಲ. ಗೇರು ಬದಲಿಸಿದೆ, ಬೆಣ್ಣೆಯ ಹಾಗೆ ಬಿತ್ತು. ನಾನು ಮೆಲ್ಲಗೆ ಉಸಿರು ಬಿಡುತ್ತಿದ್ದೆ. ದೊಡ್ಡ ತಿರುವಿನಲ್ಲಿ ಸ್ಟೇರಿಂಗು ಪೂರ್ತಿ ಎಳೆದೆನೋ ಇಲ್ಲವೋ,

“ಟಕ್.”

ಎರಡೂ ಕಾಲು ಊರಿ ಬ್ರೇಕಿನ ಮೇಲೆ ಹತ್ತಿ ನಿಂತೆ. ಜೀಪು ರಸ್ತೆಯ ನಡುವೆ ನಿಂತಿತು. ಹೆದರಿ ಪಕ್ಕಕ್ಕೆ ನೋಡಿದರೆ ಭಾವ ಏನೂ ಅರಿಯದವನಂತೆ ಹೊರಗೆ ನೋಡುತ್ತಿದ್ದ. ಅರ್ಧ ತೆರೆದ ಬಾಯಲ್ಲಿ ಅವನ ನಾಲಗೆ ಇನ್ನೂ ಅಂಗುಳಿಗೇ ತಾಗಿತ್ತು.

“ಸಮ ಆಯ್ತಾ?” ಎಂದು ಕೇಳಿದ.

ಸಮನೇ ಆಗಿತ್ತು. ನನಗಿಂತ ಚೆನ್ನಾಗಿತ್ತು.